ಆಶ್ರಯದ ಹೊರಬಾಗಿಲು: ಕೃಷ್ಣಾತೀರದಿಂದ ವಿಶಾಖದ ಮನ್ಯದವರೆಗೆ

೧೮೭೫ನೆಯ ಇಸವಿಯ ಭಾರತೀಯ ವಯೋಪ್ರಾಪ್ತಿ ಕಾಯಿದೆಯು ಗಾತ್ರದಲ್ಲಿ ಬಹಳ ಚಿಕ್ಕ ಶಾಸನ. ಆದರೆ ಅದರ ಮೂರನೆಯ ಪ್ರಕರಣವು ಈ ದೇಶದ ಮಕ್ಕಳನ್ನು ಎರಡು ವರ್ಗಗಳಾಗಿ ವಿಂಗಡಿಸಿತು. ಸಾಮಾನ್ಯ ಪ್ರಜೆಯ ಮಗನು ಹದಿನೆಂಟು ವರ್ಷ ತುಂಬಿದೊಡನೆ ಪ್ರಾಪ್ತವಯಸ್ಕನಾಗುತ್ತಿದ್ದನು. ನ್ಯಾಯಾಲಯವು ಪೋಷಕನನ್ನು ನೇಮಿಸಿದ್ದ ಮೈನರು, ಅಥವಾ ಕೋರ್ಟ್ ಆಫ್ ವಾರ್ಡ್ಸಿನ ಆಡಳಿತಕ್ಕೆ ಒಳಪಟ್ಟಿದ್ದ ಮೈನರು ಮಾತ್ರ ಇಪ್ಪತ್ತೊಂದು ತುಂಬುವವರೆಗೆ ಅಪ್ರಾಪ್ತವಯಸ್ಕನೆಂದೇ ಪರಿಗಣಿತನಾಗುತ್ತಿದ್ದನು. ಇದರ ಹಿಂದಿನ ತರ್ಕವು ಸರಳವಾದುದು. ತಂದೆಯ ಕೈ ತಪ್ಪಿಹೋದ ಹುಡುಗನಿಗೆ ಲೋಕವ್ಯವಹಾರವನ್ನು ಕಲಿಯಲು ಇನ್ನೂ ಮೂರು ವರ್ಷಗಳ ಆಸರೆ ಬೇಕು. ಈ ಭೇದವು ಸ್ವತಂತ್ರ ಭಾರತದಲ್ಲಿಯೂ ಬಹುಕಾಲ ಉಳಿದು, ೧೯೯೯ರ ತಿದ್ದುಪಡಿಯಿಂದ ರದ್ದಾಯಿತು.

ಕೋರ್ಟ್ ಆಫ್ ವಾರ್ಡ್ಸಿನ ಆಶ್ರಯದಲ್ಲಿದ್ದವರು ಯಾರೆಂಬುದನ್ನು ವಿವರಿಸಬೇಕಾಗಿಲ್ಲ. ಮದರಾಸು ಆಧಿಪತ್ಯದ ೧೮೦೪ರ ಐದನೆಯ ರೆಗ್ಯುಲೇಷನ್ ಮತ್ತು ಅನಂತರದ ೧೯೦೨ರ ಕಾಯಿದೆಯ ಮೇರೆಗೆ, ತಂದೆ ತೀರಿಕೊಂಡ ಎಳೆಯ ಜಮೀನ್ದಾರರ ಎಸ್ಟೇಟುಗಳನ್ನು ಸರ್ಕಾರವೇ ನೋಡಿಕೊಳ್ಳುತ್ತಿತ್ತು. ಅಂಥ ಬಾಲಕರ ವಿದ್ಯಾಭ್ಯಾಸಕ್ಕೆಂದು ಮದರಾಸಿನ ನ್ಯೂಯಿಂಗ್‌ಟನ್ನಿನಲ್ಲಿ ಪ್ರತ್ಯೇಕ ವಿದ್ಯಾಲಯವಿತ್ತು, ಉಪಾಧ್ಯಾಯರಿದ್ದರು, ಆಸ್ತಿಯ ಲೆಕ್ಕಪತ್ರಗಳನ್ನು ಕಾಯುವ ಅಧಿಕಾರಿಗಳಿದ್ದರು. ವಯಸ್ಸು ತುಂಬಿದ ದಿನ ಜಮೀನ್ದಾರನಿಗೆ ಎಸ್ಟೇಟಿನೊಡನೆ ಅದರ ಲೆಕ್ಕವೂ ಹಸ್ತಾಂತರವಾಗುತ್ತಿತ್ತು.

ಕನ್ನಡಿಗರಿಗೆ ಇದಕ್ಕಿಂತ ಸಮೀಪದ ದೃಷ್ಟಾಂತವೊಂದುಂಟು. ಮುಮ್ಮಡಿ ಕೃಷ್ಣರಾಜ ಒಡೆಯರು ೧೮೬೮ರಲ್ಲಿ ದಿವಂಗತರಾದಾಗ ಅವರ ದತ್ತುಪುತ್ರ ಚಾಮರಾಜೇಂದ್ರ ಒಡೆಯರು ಐದು ವರ್ಷದ ಮಗು. ೧೮೬೯ರಲ್ಲಿ ಕರ್ನಲ್ ಮ್ಯಾಲಿಸನ್ನರು ಬಾಲರಾಜನ ಪೋಷಕರಾಗಿ ನೇಮಿತರಾದರು. ೧೮೮೧ರ ಮಾರ್ಚಿ ೨೫ರಂದು, ಹದಿನೆಂಟು ತುಂಬಿ ಒಂದು ತಿಂಗಳಷ್ಟೇ ಕಳೆದಿದ್ದ ಆ ತರುಣನಿಗೆ ರಾಜ್ಯಾಧಿಕಾರವು ಮರಳಿತು. ಆದರೆ ಒಂಟಿಯಾಗಿ ಮರಳಲಿಲ್ಲ. ಪಕ್ಕದಲ್ಲಿ ದಿವಾನ್ ರಂಗಾಚಾರ್ಲು ಇದ್ದರು, ರೆಸಿಡೆಂಟರಿದ್ದರು, ಷರತ್ತುಗಳನ್ನೆಲ್ಲ ಬರೆದಿಟ್ಟ ಹಸ್ತಾಂತರಪತ್ರವಿತ್ತು. ಪರರ ಆಶ್ರಯದಲ್ಲಿ ಬೆಳೆದ ಹುಡುಗನೊಬ್ಬನನ್ನು ಹದಿನೆಂಟರ ಹೊಸ್ತಿಲು ದಾಟಿಸುವುದು ಹೇಗೆಂಬುದು ಆ ಕಾಲದ ಸರ್ಕಾರಕ್ಕೆ ತಿಳಿಯದ ವಿಷಯವೇನೂ ಆಗಿರಲಿಲ್ಲ. ಆ ತಿಳಿವಳಿಕೆಯನ್ನು ಯಾರ ಮಟ್ಟಿಗೆ ಬಳಸಲಾಯಿತು, ಯಾರ ಮಟ್ಟಿಗೆ ಬಳಸಲಿಲ್ಲ ಎಂಬುದಷ್ಟೇ ಪ್ರಶ್ನೆ. ಕೃಷ್ಣಾನದಿಯ ದಡದ ವಿಜಯವಾಡದಿಂದ ವಿಶಾಖಪಟ್ಟಣದ ಹಿಂದಣ ಮನ್ಯದವರೆಗಿನ ಪ್ರಾಂತದಲ್ಲಿ, ಸರ್ಕಾರದ ಅಥವಾ ಪರಸಂಸ್ಥೆಗಳ ಕೈಯಲ್ಲಿ ಬೆಳೆದ ಗಿರಿಜನರ ಹಾಗೂ ಅಲೆಮಾರಿ ಬುಡಕಟ್ಟುಗಳ ಮಕ್ಕಳ ಚರಿತ್ರೆಯು ಈ ಪ್ರಶ್ನೆಗೆ ಒಂದು ಉತ್ತರವನ್ನು ಕೊಡುತ್ತದೆ.

ಬೆಜವಾಡದ ಎದುರು, ಕೃಷ್ಣೆಯ ಬಲದಂಡೆಯಲ್ಲಿ ಸೀತಾನಗರವಿದೆ. ಇಲ್ಲಿಯೂ, ಬಾಪಟ್ಲದ ಸಮೀಪದ ಸ್ಟೂವರ್ಟ್‌ಪುರದಲ್ಲಿಯೂ ೧೯೧೦ರ ದಶಕದಲ್ಲಿ ಮದರಾಸು ಸರ್ಕಾರವು ಸಾಲ್ವೇಷನ್ ಆರ್ಮಿಯ ಮೇಲ್ವಿಚಾರಣೆಯಲ್ಲಿ ಎರುಕುಲರ ವಸಾಹತುಗಳನ್ನು ಸ್ಥಾಪಿಸಿತು. ಸ್ಟೂವರ್ಟ್‌ಪುರದ ಹೆಸರು ಗವರ್ನರರ ಆಡಳಿತಮಂಡಲಿಯ ಸದಸ್ಯರಾಗಿದ್ದ ಸರ್ ಹೆರಾಲ್ಡ್ ಸ್ಟೂವರ್ಟರದು. ಎರುಕುಲರೆಂದರೆ ಕನ್ನಡನಾಡಿನಲ್ಲಿ ಕೊರಚ, ಕೊರಮ ಎಂದು ಕರೆಯಲ್ಪಡುವ ಜನರ ಬಳಗದವರೇ. ಇಂದು ಆಂಧ್ರದಲ್ಲಿ ಅವರು ಪರಿಶಿಷ್ಟ ವರ್ಗಕ್ಕೂ, ಕರ್ನಾಟಕದಲ್ಲಿ ಅವರ ಬಳಗದವರು ಪರಿಶಿಷ್ಟ ಜಾತಿಗೂ ಸೇರಿದ್ದಾರೆ. ಉಪ್ಪು, ಧಾನ್ಯಗಳನ್ನು ಹೇರಿಕೊಂಡು ಕರಾವಳಿಗೂ ಒಳನಾಡಿಗೂ ನಡುವೆ ವ್ಯಾಪಾರ ಮಾಡುತ್ತಿದ್ದ ಈ ಜನರ ಜೀವನೋಪಾಯವು ಉಪ್ಪಿನ ಏಕಸ್ವಾಮ್ಯದಿಂದಲೂ ರೈಲುದಾರಿಗಳಿಂದಲೂ ಕುಸಿದುಬಿದ್ದುದನ್ನು ಇತಿಹಾಸಕಾರ್ತಿ ಮೀನಾ ರಾಧಾಕೃಷ್ಣರು ೨೦೦೧ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿಸ್ತಾರವಾಗಿ ನಿರೂಪಿಸಿದ್ದಾರೆ. ವ್ಯಾಪಾರವನ್ನು ಕಳೆದುಕೊಂಡವರನ್ನು ಸರ್ಕಾರವು ಅಪರಾಧಿ ಬುಡಕಟ್ಟೆಂದು ಹೆಸರಿಸಿತು.

ಮಕ್ಕಳ ವಿಷಯದಲ್ಲಿ ಅಪರಾಧಿ ಬುಡಕಟ್ಟುಗಳ ಕಾಯಿದೆಯ ಹದಿನೇಳನೆಯ ಪ್ರಕರಣವು ಸ್ಪಷ್ಟವಾಗಿದೆ. ಅಂಥ ಬುಡಕಟ್ಟಿನವರ ಮಕ್ಕಳನ್ನು ತಂದೆತಾಯಿಗಳಿಂದ ಬೇರ್ಪಡಿಸಿ, ಕೈಗಾರಿಕೆಯ, ಬೇಸಾಯದ ಅಥವಾ ಸುಧಾರಣೆಯ ಶಾಲೆಗಳಲ್ಲಿ ಇರಿಸುವ ಅಧಿಕಾರವನ್ನು ಅದು ಪ್ರಾಂತೀಯ ಸರ್ಕಾರಕ್ಕೆ ಕೊಟ್ಟಿತು. ಮಕ್ಕಳೆಂದರೆ ಆರು ವರ್ಷಕ್ಕೆ ಮೇಲ್ಪಟ್ಟು ಹದಿನೆಂಟರ ಒಳಗಿನವರು. ಮಗುವು ತಪ್ಪು ಮಾಡಿರಬೇಕೆಂಬ ನಿಯಮವಿಲ್ಲ. ಆ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ್ದರೆ ಸಾಕು. ಇಲ್ಲಿಯೂ ಹದಿನೆಂಟೇ ಗಡಿ. ಜಮೀನ್ದಾರನ ಮಗನಿಗಿದ್ದ ಇಪ್ಪತ್ತೊಂದಲ್ಲ. ಮತ್ತೊಂದು ವ್ಯತ್ಯಾಸವು ಇದಕ್ಕಿಂತಲೂ ಗಂಭೀರವಾದುದು. ಜಮೀನ್ದಾರನ ಮಗನು ಹೊರಬಂದಾಗ ಅವನ ಕೈಗೆ ಆಸ್ತಿಯ ದಫ್ತರವು ಬರುತ್ತಿತ್ತು. ಎರುಕುಲರ ಹುಡುಗನು ಹೊರಬಂದಾಗ ಪೋಲೀಸರ ದಫ್ತರದಲ್ಲಿ ಅವನ ಹೆಸರು ಏರುವ ಸಂಭವವಿತ್ತು. ಪ್ರಾಪ್ತವಯಸ್ಕನಾದ ಮೇಲೆ ಅವನು ಆ ಕಾಯಿದೆಯ ಕೆಳಗೆ ನೋಂದಣಿಗೆ ಅರ್ಹನಾದ ವ್ಯಕ್ತಿಯೇ ಆಗಿದ್ದನು. ಶಾಲೆಯು ಅವನನ್ನು ತಿದ್ದಿತೆಂದು ಸರ್ಕಾರವೇ ನಂಬಿದ್ದ ಪಕ್ಷದಲ್ಲಿ ನೋಂದಣಿಯ ಅಗತ್ಯವೇನಿತ್ತೆಂಬುದು ಕೇಳತಕ್ಕ ಮಾತು.

ಹಾಗೆಂದು ವಸಾಹತುಗಳಲ್ಲಿ ದುಡಿಮೆಗೆ ದಾರಿಯೇ ಇರಲಿಲ್ಲವೆಂದಲ್ಲ. ಚೀರಾಲದಲ್ಲಿ ಇಂಡಿಯನ್ ಲೀಫ್ ಟೊಬ್ಯಾಕೊ ಕಂಪನಿಯ ಹೊಗೆಸೊಪ್ಪಿನ ಕಾರ್ಖಾನೆಯು ನಡೆಯುತ್ತಿತ್ತು. ಸ್ಟೂವರ್ಟ್‌ಪುರದ ನಿವಾಸಿಗಳು ಅಲ್ಲಿ ಕೂಲಿಗೆ ಹೋದರು. ವಸಾಹತಿನ ಹೊರಬಾಗಿಲೆಂದರೆ ಕಾರ್ಖಾನೆಯ ಒಳಬಾಗಿಲೇ ಆಗಿತ್ತು. ಕೆಲಸ ಬಿಟ್ಟು ಹೋಗುವ ಸ್ವಾತಂತ್ರ್ಯವಿಲ್ಲದವನ ಕೂಲಿಯು ಎಷ್ಟರಮಟ್ಟಿಗೆ ಕೂಲಿಯೆಂಬುದನ್ನು ಓದುಗರೇ ವಿಚಾರಿಸಬಹುದು. ಮಂಗಳೂರಿನ ಬಾಸೆಲ್ ಮಿಷನ್ನಿನ ನೇಯ್ಗೆಯ ಶಾಲೆ, ೧೮೬೫ರಲ್ಲಿ ಪ್ಲೆಬ್ಸ್ಟರು ಪ್ರಾರಂಭಿಸಿದ ಹಂಚಿನ ಕಾರ್ಖಾನೆ, ಇವೂ ಆಶ್ರಿತರಿಗೆ ಅನ್ನದ ದಾರಿ ತೋರಿಸುವ ಉದ್ದೇಶದಿಂದಲೇ ಬೆಳೆದವು. ಆದರೆ ಅಲ್ಲಿ ಕಲಿತ ಕೈಕಸುಬು ಬೇರೆ ಕಾರ್ಖಾನೆಗಳಲ್ಲಿಯೂ ನಡೆಯುವಂಥದಾಗಿತ್ತು, ಕಲಿತವನ ಕಾಲಿಗೆ ಕಾಯಿದೆಯ ಸಂಕೋಲೆಯಿರಲಿಲ್ಲ. ಮುಂಬಯಿ ಕರ್ನಾಟಕದಲ್ಲಿ ಹುಬ್ಬಳ್ಳಿ, ಗದಗಗಳ ಸೆಟ್ಲಮೆಂಟುಗಳು ಸೀತಾನಗರದ ಜಾತಿಯವೇ. ಆ ಬಡಾವಣೆಗಳಿಗೆ ಜನರ ಬಾಯಲ್ಲಿ ಆ ಹೆಸರು ಇನ್ನೂ ಉಳಿದಿದೆ. ಮದರಾಸು ಪ್ರಾಂತದಲ್ಲಿ ಈ ಕಾಯಿದೆಯು ೧೯೪೭ರಲ್ಲಿಯೂ, ದೇಶದಲ್ಲೆಲ್ಲ ೧೯೫೨ರ ಆಗಸ್ಟ್ ೩೧ರಂದೂ ಕೊನೆಗೊಂಡಿತು.

ಇದೇ ಕಾಲದಲ್ಲಿ ಆಸ್ಟ್ರೇಲಿಯದಲ್ಲಿ ನಡೆದುದನ್ನು ಇದರ ಪಕ್ಕದಲ್ಲಿಟ್ಟು ನೋಡುವುದು ಉಪಯುಕ್ತ. ನ್ಯೂ ಸೌತ್ ವೇಲ್ಸಿನ ೧೯೦೯ರ ಮೂಲನಿವಾಸಿಗಳ ರಕ್ಷಣಾ ಕಾಯಿದೆ ಮತ್ತು ಅದರ ೧೯೧೫ರ ತಿದ್ದುಪಡಿಯು ಮಕ್ಕಳನ್ನು ನ್ಯಾಯಾಲಯದ ವಿಚಾರಣೆಯಿಲ್ಲದೆ ಕೊಂಡೊಯ್ಯುವ ಅಧಿಕಾರವನ್ನು ರಕ್ಷಣಾಮಂಡಲಿಗೆ ಕೊಟ್ಟವು. ಹೆಣ್ಣುಮಕ್ಕಳನ್ನು ಕೂಟಮಂಡ್ರದ ಶಿಕ್ಷಣಗೃಹಕ್ಕೂ, ೧೯೨೪ರಿಂದ ಗಂಡುಮಕ್ಕಳನ್ನು ಕಿಂಚೇಲದ ಗೃಹಕ್ಕೂ ಕಳುಹಿಸಿದರು. ಅಲ್ಲಿಂದ ಹೊರಬಂದ ಹುಡುಗಿಯರು ಬಿಳಿಯರ ಮನೆಗಳಲ್ಲಿ ಮನೆಗೆಲಸಕ್ಕೂ, ಹುಡುಗರು ಬೇಸಾಯದ ಕೂಲಿಗೂ ನಿಯುಕ್ತರಾದರು. ಅವರ ಕೂಲಿಯ ಬಹುಭಾಗವನ್ನು ಮಂಡಲಿಯು ಅವರ ಹೆಸರಿನಲ್ಲಿ ಠೇವಣಿಯಾಗಿ ಇರಿಸಿಕೊಂಡಿತು. ಆ ಠೇವಣಿಯು ಅನೇಕರಿಗೆ ಎಂದೂ ಹಿಂದಿರುಗಲಿಲ್ಲ. ೨೦೦೪ರಲ್ಲಿ ಆ ರಾಜ್ಯದ ಸರ್ಕಾರವು ಹಣವನ್ನು ಮರಳಿ ಕೊಡುವ ಯೋಜನೆಯೊಂದನ್ನು ಘೋಷಿಸುವ ಹೊತ್ತಿಗೆ ಠೇವಣಿದಾರರಲ್ಲಿ ಬಹುಮಂದಿ ವೃದ್ಧರಾಗಿದ್ದರು, ಅಥವಾ ಗತಿಸಿದ್ದರು. ೧೯೯೭ರ ವಿಚಾರಣಾ ವರದಿಯೂ, ಪ್ರಧಾನಿ ಕೆವಿನ್ ರಡ್ಡರು ೨೦೦೮ರ ಫೆಬ್ರವರಿ ೧೩ರಂದು ಪಾರ್ಲಿಮೆಂಟಿನಲ್ಲಿ ಕೇಳಿದ ಕ್ಷಮೆಯೂ ಲೋಕವಿದಿತ. ಅಷ್ಟೊಂದು ಪ್ರಸಿದ್ಧವಲ್ಲದ, ಆದರೆ ಪ್ರಸ್ತುತ ವಿಷಯಕ್ಕೆ ಹೆಚ್ಚು ಸಂಬಂಧಪಟ್ಟ ಸಂಗತಿಯು ಬೇರೊಂದಿದೆ. ಆ ದೇಶದ ರಾಜ್ಯಗಳ ಕಾನೂನುಗಳು ಕ್ರಮೇಣ ಒಂದು ಅನುಕ್ರಮವನ್ನು ಒಪ್ಪಿಕೊಂಡವು: ಮೂಲನಿವಾಸಿ ಮಗುವಿಗೆ ಪರಪೋಷಣೆ ಅನಿವಾರ್ಯವಾದಲ್ಲಿ ಮೊದಲು ಬಂಧುಗಳು, ಅನಂತರ ಅದರ ಸಮುದಾಯ, ಅನಂತರ ಇತರ ಮೂಲನಿವಾಸಿಗಳು, ಕಟ್ಟಕಡೆಗೆ ಪರರು. ಪೋಷಣೆಯು ಮುಗಿದ ಮೇಲೆ ಯುವಕನು ಯಾರ ಬಳಿಗೆ ಹಿಂದಿರುಗಬೇಕೆಂಬ ಪ್ರಶ್ನೆಯನ್ನು ಪೋಷಣೆಯ ಮೊದಲ ದಿನವೇ ಕೇಳಿಕೊಳ್ಳುವ ಕ್ರಮವಿದು. ಆಚರಣೆಯಲ್ಲಿ ಅಲ್ಲಿಯೂ ಕೊರತೆಗಳಿವೆ; ಪೋಷಣೆಗೆ ಒಳಪಟ್ಟ ಮಕ್ಕಳಲ್ಲಿ ಮೂಲನಿವಾಸಿಗಳ ಪ್ರಮಾಣವು ಅವರ ಜನಸಂಖ್ಯೆಯನ್ನು ಬಹಳವಾಗಿ ಮೀರಿದೆ.

ಭಾರತಕ್ಕೆ ಮರಳೋಣ. ಮಕ್ಕಳಿಗಾಗಿಯೇ ಪ್ರತ್ಯೇಕ ಶಾಸನವನ್ನು ಮಾಡಿದ ಮೊದಲ ಪ್ರಾಂತ ಮದರಾಸು. ಅದು ೧೯೨೦ರ ನಾಲ್ಕನೆಯ ಕಾಯಿದೆ. ಬಂಗಾಳವು ೧೯೨೨ರಲ್ಲಿ, ಮುಂಬಯಿಯು ೧೯೨೪ರಲ್ಲಿ ಅದನ್ನು ಅನುಸರಿಸಿದವು. ಹೊರಬರುವವರ ಬಗೆಗೆ ಅಖಿಲ ಭಾರತ ಮಟ್ಟದಲ್ಲಿ ಗಂಭೀರವಾದ ವಿಚಾರವು ನಡೆದುದು ಸ್ವಾತಂತ್ರ್ಯಾನಂತರ. ಕೇಂದ್ರ ಸಮಾಜ ಕಲ್ಯಾಣ ಮಂಡಲಿಯು ಪ್ರೊ. ಎಂ. ಎಸ್. ಗೋರೆಯವರ ಅಧ್ಯಕ್ಷತೆಯಲ್ಲಿ ನೇಮಿಸಿದ ಸಮಿತಿಯು ೧೯೫೫ರಲ್ಲಿ ಅನುಪಾಲನೆಯ ಕುರಿತು ವರದಿಯನ್ನಿತ್ತಿತು. ಸಂಸ್ಥೆಯಿಂದ ಬಿಡುಗಡೆಯಾದವನಿಗೆ ಮುಂದಿನ ಜೀವನದಲ್ಲಿ ಕೊಡುವ ನೆರವಿಗೆ ಅನುಪಾಲನೆಯೆಂಬ ಹೆಸರು ಸಲ್ಲುತ್ತದೆ. ಎರಡನೆಯ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ ಅನುಪಾಲನಾ ಗೃಹಗಳು ಹಲವು ರಾಜ್ಯಗಳಲ್ಲಿ ಎದ್ದವು. ಗೃಹಗಳೇನೋ ಎದ್ದವು, ಆದರೆ ಒಂದು ಗೃಹದಿಂದ ಹೊರಬಂದವನನ್ನು ಇನ್ನೊಂದು ಗೃಹದೊಳಗೆ ಸೇರಿಸುವುದು ಸಮಸ್ಯೆಯನ್ನು ಮುಂದೂಡಿದಂತಾಗುವುದೇ ಹೊರತು ಬಿಡಿಸಿದಂತಾಗುವುದಿಲ್ಲ. ಹೆಣ್ಣುಮಕ್ಕಳ ಮಟ್ಟಿಗಂತೂ ಇಂಥ ಗೃಹಗಳ ಹೊರಬಾಗಿಲು ಬಹುಕಾಲ ವಿವಾಹವೊಂದೇ ಆಗಿತ್ತು.

ವಿಶಾಖಪಟ್ಟಣದ ಹಿಂದಣ ಬೆಟ್ಟಗಳ ಸಂಗತಿ ಬೇರೆ ಬಗೆಯದು. ಮನ್ಯವೆಂದು ತೆಲುಗರು ಕರೆಯುವ ಈ ಪ್ರದೇಶವು ೧೮೩೯ರ ಕಾಯಿದೆಯಿಂದ ಸಾಮಾನ್ಯ ನ್ಯಾಯಾಲಯಗಳ ಅಧಿಕಾರದಿಂದ ಬೇರ್ಪಟ್ಟು ಏಜೆನ್ಸಿಯಾಯಿತು; ೧೯೨೨ರಿಂದ ೧೯೨೪ರವರೆಗೆ ಅಲ್ಲೂರಿ ಸೀತಾರಾಮರಾಜು ಇಲ್ಲಿಂದಲೇ ಬಂಡೆದ್ದರು. ೨೦೨೨ರ ಏಪ್ರಿಲಿನಲ್ಲಿ ಪಾಡೇರು ಕೇಂದ್ರವಾಗಿ ಅವರ ಹೆಸರಿನ ಜಿಲ್ಲೆಯೂ ರಚಿತವಾಯಿತು. ಬಗತ, ಕೊಂಡದೊರ, ವಾಲ್ಮೀಕಿ, ಖೋಂದ, ಗದಬ, ಪೊರ್ಜ ಮೊದಲಾದ ಜನರು ಇಲ್ಲಿನ ನಿವಾಸಿಗಳು. ಇಲ್ಲಿಯ ಮಕ್ಕಳಿಗೆ ಪರಪೋಷಣೆಯು ಬಂದುದು ಕಾಯಿದೆಯ ಬಲದಿಂದಲ್ಲ, ಆಶ್ರಮಶಾಲೆಯ ರೂಪದಲ್ಲಿ. ಠಕ್ಕರ್ ಬಾಪಾ ಅವರು ೧೯೨೨ರಲ್ಲಿ ಭಿಲ್ಲರ ನಡುವೆ ಪ್ರಾರಂಭಿಸಿದ ಸೇವಾಕಾರ್ಯದಿಂದ ಬೆಳೆದ ಕಲ್ಪನೆಯಿದು: ಊಟ, ವಸತಿ, ಪಾಠ ಎಲ್ಲವೂ ಒಂದೇ ಸೂರಿನಡಿ. ಸದುದ್ದೇಶದಲ್ಲಿ ಸಂಶಯವಿಲ್ಲ. ಆಶ್ರಮಶಾಲೆಯ ಮಕ್ಕಳಲ್ಲಿ ಹೆಚ್ಚಿನವರಿಗೆ ತಂದೆತಾಯಿಗಳಿದ್ದಾರೆ. ಅವರನ್ನು ಅನಾಥರೊಡನೆ ಎಣಿಸುವುದು ಸರಿಯಲ್ಲ. ಆದರೂ ಆರನೆಯ ವಯಸ್ಸಿನಿಂದ ಹದಿನಾರರವರೆಗೆ ವಸತಿಶಾಲೆಯಲ್ಲಿ ಬೆಳೆದ ಹುಡುಗನು ಮನೆಯ ಕುವಿ ಭಾಷೆಯಲ್ಲಾಗಲಿ ಆದಿವಾಸಿ ಒಡಿಯಾದಲ್ಲಾಗಲಿ ಬೆಳೆಯದೆ ತೆಲುಗಿನಲ್ಲಿ ಬೆಳೆಯುತ್ತಾನೆ. ಪೋಡು ಬೇಸಾಯದ ಋತುಗಳನ್ನು, ಕಾಡಿನ ಗೆಡ್ಡೆಗೆಣಸುಗಳನ್ನು ತಂದೆಯ ಬೆನ್ನ ಹಿಂದೆ ನಡೆದು ಕಲಿಯುವ ವರ್ಷಗಳು ಕಳೆದುಹೋಗಿರುತ್ತವೆ. ಹೊರಬಂದ ದಿನ ಅವನು ಬೆಟ್ಟಕ್ಕೂ ಅರ್ಧ, ಪಟ್ಟಣಕ್ಕೂ ಅರ್ಧ. ೨೦೦೪ರ ಸುಮಾರಿಗೆ ಆಂಧ್ರ ಸರ್ಕಾರವು ಎಂಟು ಗಿರಿಜನ ಭಾಷೆಗಳಲ್ಲಿ ಪ್ರಾಥಮಿಕ ಪಾಠಗಳನ್ನು ಪ್ರಾರಂಭಿಸಿದುದು ಈ ಕೊರತೆಯನ್ನು ಗುರುತಿಸಿದ ಪ್ರಯತ್ನ.

ಹೊರಬಾಗಿಲನ್ನು ಮೊದಲೇ ಯೋಚಿಸಿ ಕಟ್ಟಿದ ಶಾಲೆಗೆ ಒಂದು ಉದಾಹರಣೆಯು ಹಿಂದಿನ ಹೈದರಾಬಾದು ಸಂಸ್ಥಾನದಲ್ಲಿ ಸಿಕ್ಕುತ್ತದೆ. ಮಾನವಶಾಸ್ತ್ರಜ್ಞ ಹೈಮೆನ್‌ಡಾರ್ಫರ ಸಲಹೆಯಂತೆ ೧೯೪೩ರಲ್ಲಿ ಆದಿಲಾಬಾದಿನ ಮಾರ್ಲವಾಯಿಯಲ್ಲಿ ಗೊಂಡರಿಗಾಗಿ ಉಪಾಧ್ಯಾಯರ ತರಬೇತಿ ಕೇಂದ್ರವು ಪ್ರಾರಂಭವಾಯಿತು. ಪಾಠವು ಗೊಂಡಿಯಲ್ಲಿ; ಕಲಿತವನು ಗೊಂಡರ ಹಳ್ಳಿಗೇ ಉಪಾಧ್ಯಾಯನಾಗಿ ಹೋಗತಕ್ಕವನು. ವಿದ್ಯೆಯು ಅವನನ್ನು ತನ್ನವರಿಂದ ಅಗಲಿಸದೆ ಅವರ ನಡುವೆಯೇ ಸಂಬಳದ ವೃತ್ತಿಯೊಂದನ್ನು ಕೊಟ್ಟಿತು. ಆಂಧ್ರಪ್ರದೇಶ ಸರ್ಕಾರವು ೨೦೦೦ದ ಜನವರಿ ೧೦ರಂದು ಹೊರಡಿಸಿದ ಮೂರನೆಯ ಸಂಖ್ಯೆಯ ಆಜ್ಞೆಯೂ ಇದೇ ದಿಕ್ಕಿನದು. ಪರಿಶಿಷ್ಟ ಪ್ರದೇಶದ ಶಾಲೆಗಳ ಉಪಾಧ್ಯಾಯ ಹುದ್ದೆಗಳೆಲ್ಲವನ್ನೂ ಸ್ಥಳೀಯ ಗಿರಿಜನರಿಗೇ ಅದು ಮೀಸಲಿಟ್ಟಿತು. ಬಯಲಿನಿಂದ ನೇಮಕವಾದ ಉಪಾಧ್ಯಾಯರು ಬೆಟ್ಟದ ಶಾಲೆಗಳಿಗೆ ಸರಿಯಾಗಿ ಬಾರದಿರುವುದು ಆಜ್ಞೆಗೆ ಕೊಟ್ಟ ಕಾರಣ. ಅದರ ಫಲವು ಮಾತ್ರ ಕಾರಣಕ್ಕಿಂತ ದೊಡ್ಡದಾಗಿತ್ತು: ಆಶ್ರಮಶಾಲೆಯಲ್ಲಿ ಓದಿದ ಹುಡುಗ ಹುಡುಗಿಯರಿಗೆ ತಮ್ಮ ಬೆಟ್ಟದಲ್ಲಿಯೇ ಗೌರವದ ಜೀವನವೊಂದು ಕಣ್ಣಿಗೆ ಕಾಣುತ್ತಿತ್ತು. ೨೦೨೦ರ ಏಪ್ರಿಲ್ ೨೨ರಂದು ಚೆಬ್ರೋಲು ಲೀಲಾಪ್ರಸಾದರಾಯರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನಪೀಠವು ನೂರಕ್ಕೆ ನೂರರ ಮೀಸಲಾತಿಯು ಸಂವಿಧಾನಬಾಹಿರವೆಂದು ತೀರ್ಪಿತ್ತಿತು. ಆಗಲೇ ನಡೆದಿದ್ದ ನೇಮಕಗಳನ್ನು ಷರತ್ತಿನ ಮೇಲೆ ಉಳಿಸಿತು. ಸಮಾನತೆಯ ತತ್ತ್ವದ ದೃಷ್ಟಿಯಿಂದ ತೀರ್ಪನ್ನು ಸಮರ್ಥಿಸುವವರಿದ್ದಾರೆ. ಆದರೆ ಬೆಟ್ಟದ ಯುವಜನರ ಪಾಲಿಗೆ ಇದ್ದ ಕೆಲವೇ ಬಾಗಿಲುಗಳಲ್ಲಿ ಒಂದು ಅಂದು ಕಿರಿದಾಯಿತೆಂಬುದು ನಿಜ.

ಕಿರಿದಾದ ಬಾಗಿಲಿನಿಂದ ಹೋಗಲಾರದವರು ಬೆಟ್ಟವಿಳಿಯುತ್ತಾರೆ. ಕಬ್ಬಿಣದ ಅದಿರನ್ನು ವಿಶಾಖಪಟ್ಟಣದ ಬಂದರಿಗೆ ಸಾಗಿಸಲೆಂದು ೧೯೬೦ರ ದಶಕದಲ್ಲಿ ಅರಕಿನ ಕಣಿವೆಯ ಮೂಲಕ ಹಾಕಿದ ಕಿರಂದುಲ್ ರೈಲುದಾರಿಯು ಇಂದು ಅವರನ್ನೂ ಇಳಿಸುತ್ತದೆ. ಇನ್ನು ವಿಜಯವಾಡವಂತೂ ಮದರಾಸು, ಕಲ್ಕತ್ತೆ, ದೆಹಲಿಗಳ ದಾರಿಗಳು ಕೂಡುವ ಜಂಕ್ಷನ್ನು. ಮನೆ ಬಿಟ್ಟು ಬಂದ ಮಕ್ಕಳು ಅಲ್ಲಿಯ ಪ್ಲಾಟ್‌ಫಾರಮ್ಮಿನಲ್ಲಿ ಇಳಿಯುವುದು ಹೊಸತಲ್ಲ. ೧೯೮೯ರಲ್ಲಿ ಸಲೇಷಿಯನ್ ಪಾದ್ರಿಗಳು ಆ ನಗರದಲ್ಲಿ ನವಜೀವನ ಬಾಲಭವನವನ್ನು ತೆರೆದುದು ಇಂಥವರಿಗಾಗಿಯೇ. ಅಂಥ ಭವನಗಳು ಮಾಡುವ ಕೆಲಸ ದೊಡ್ಡದು. ಹದಿನೆಂಟು ತುಂಬಿದ ಮರುದಿನದ ಪ್ರಶ್ನೆಯು ಅವುಗಳನ್ನೂ ಬಿಟ್ಟಿಲ್ಲ.

ಕಾನೂನು ಈ ಮರುದಿನದ ಬಗೆಗೆ ಏನು ಹೇಳುತ್ತದೆ? ೨೦೦೦ದ ಬಾಲನ್ಯಾಯ ಕಾಯಿದೆಯು ತನ್ನ ನಲವತ್ತನಾಲ್ಕನೆಯ ಪ್ರಕರಣದಲ್ಲಿ ಅನುಪಾಲನಾ ಸಂಸ್ಥೆಯ ವಾಸವು ಮೂರು ವರ್ಷಗಳನ್ನು ಮೀರಬಾರದೆಂದಿತು. ಮತ್ತೆ ಆ ಮೂರು ವರ್ಷಗಳು. ೧೮೭೫ರಲ್ಲಿ ಜಮೀನ್ದಾರನ ಮಗನಿಗೆ ಹಕ್ಕಾಗಿ ಸಂದುದು ಇಲ್ಲಿ ಮೇಲ್ಮಿತಿಯಾಗಿ ಬಂದಿತು. ೨೦೧೫ರ ಕಾಯಿದೆಯ ನಲವತ್ತಾರನೆಯ ಪ್ರಕರಣದ ಪ್ರಕಾರ, ಹದಿನೆಂಟು ತುಂಬಿ ಸಂಸ್ಥೆಯಿಂದ ಹೊರಹೋಗುವವನಿಗೆ ಹಣದ ನೆರವನ್ನು ನೀಡಬಹುದು. ನೀಡತಕ್ಕದ್ದು ಎಂದಿಲ್ಲ. ೨೦೧೬ರ ಮಾದರಿ ನಿಯಮಗಳು ಉದಾರವಾಗಿವೆ: ಇಪ್ಪತ್ತೊಂದರವರೆಗೆ, ವಿಶೇಷ ಸಂದರ್ಭದಲ್ಲಿ ಇಪ್ಪತ್ತಮೂರರವರೆಗೆ ನೆರವು, ಆರೆಂಟು ಮಂದಿ ಕೂಡಿ ವಾಸಿಸುವ ಬಾಡಿಗೆಮನೆ, ವೃತ್ತಿಶಿಕ್ಷಣ, ವಿದ್ಯಾರ್ಥಿವೇತನ, ಸ್ವಂತ ಉದ್ಯೋಗಕ್ಕೆ ಸಾಲದ ಏರ್ಪಾಡು. ೨೦೨೨ರ ಮಿಷನ್ ವಾತ್ಸಲ್ಯದ ಮಾರ್ಗಸೂಚಿಯು ತಿಂಗಳಿಗೆ ೪,೦೦೦ ರೂಪಾಯಿಯನ್ನು ಗೊತ್ತುಮಾಡಿತು. ವಿಶಾಖಪಟ್ಟಣದಂಥ ಊರಿನಲ್ಲಿ ಬಾಡಿಗೆಯ ಕೊಠಡಿಗೆ ಮುಂಗಡವನ್ನು ಕೊಟ್ಟವರಿಗೆ ಈ ಮೊತ್ತದ ಬೆಲೆ ಗೊತ್ತು. ಇದರೊಡನೆ ೨೦೨೧ರಲ್ಲಿ ಕೋವಿಡ್ ಸಾಂಕ್ರಾಮಿಕದಿಂದ ಅನಾಥರಾದ ಮಕ್ಕಳಿಗೆಂದು ಪಿ.ಎಂ. ಕೇರ್ಸ್ ನಿಧಿಯಿಂದ ಮಾಡಿದ ಏರ್ಪಾಡನ್ನು ಹೋಲಿಸಬಹುದು. ಆ ಮಗುವಿಗೆ ಹದಿನೆಂಟಾಗುವಾಗ ಹತ್ತು ಲಕ್ಷ ರೂಪಾಯಿಯ ನಿಧಿಯು ಸಿದ್ಧವಾಗಿರುತ್ತದೆ. ಅಲ್ಲಿಂದ ಇಪ್ಪತ್ತಮೂರರವರೆಗೆ ಮಾಸಾಶನ. ಇಪ್ಪತ್ತಮೂರು ತುಂಬಿದಾಗ ಇಡುಗಂಟು. ಬಹು ವಿವೇಕದ ಯೋಜನೆ. ಹದಿನೆಂಟರಲ್ಲಿ ಯಾರೂ ಸ್ವತಂತ್ರರಾಗಲಾರರೆಂಬುದನ್ನು ಸರ್ಕಾರವು ೧೮೭೫ರಂತೆ ೨೦೨೧ರಲ್ಲಿಯೂ ಬಲ್ಲದೆಂಬುದಕ್ಕೆ ಇದೇ ಸಾಕ್ಷಿ. ಆದರೆ ಎರಡು ಸಲವೂ ಆ ತಿಳಿವಳಿಕೆಯ ಪ್ರಯೋಜನವು ಗೊತ್ತಾದ ಒಂದು ಗುಂಪಿಗೆ ಮಾತ್ರ ದೊರೆಯಿತು.

ಹಣವೊಂದೇ ಆಸರೆಯೆಂದು ತಿಳಿಯುವುದೂ ತಪ್ಪು. ಕನ್ನಡನಾಡಿನ ವಾರಾನ್ನದ ಪದ್ಧತಿಯನ್ನು ಇಲ್ಲಿ ನೆನೆಯಬಹುದು. ವಾರದ ಏಳು ದಿನ ಏಳು ಮನೆಗಳಲ್ಲಿ ಉಂಡು ಓದಿದ ಬಡ ವಿದ್ಯಾರ್ಥಿಯ ಅವಮಾನಗಳು ಎಷ್ಟೋ ಆತ್ಮಕಥೆಗಳಲ್ಲಿ ದಾಖಲಾಗಿವೆ. ಆ ಪದ್ಧತಿಯು ಬಹುಮಟ್ಟಿಗೆ ಒಂದು ಜಾತಿಯ ಗಂಡುಮಕ್ಕಳಿಗಷ್ಟೇ ತೆರೆದಿದ್ದ ಸೌಲಭ್ಯವೆಂಬುದನ್ನೂ ಮರೆಯಲಾಗದು. ಆದರೆ ಓದು ಮುಗಿದಾಗ ಅವನನ್ನು ಬಲ್ಲ ಏಳು ಮನೆಗಳಿರುತ್ತಿದ್ದವು. ಅವರಲ್ಲೊಬ್ಬರು ಗುಮಾಸ್ತೆಯ ಕೆಲಸಕ್ಕೆ ಶಿಫಾರಸು ಮಾಡುತ್ತಿದ್ದರು, ಮತ್ತೊಬ್ಬರು ಬಾಡಿಗೆಮನೆಗೆ ಹೊಣೆ ನಿಲ್ಲುತ್ತಿದ್ದರು. ಸಿದ್ಧಗಂಗೆಯಂಥ ಮಠಗಳ ಉಚಿತ ಪ್ರಸಾದನಿಲಯಗಳಲ್ಲಿ ಓದಿದವನಿಗೂ ಊರೂರಿನಲ್ಲಿ ಹಳೆಯ ವಿದ್ಯಾರ್ಥಿಗಳ ಬಳಗವಿದೆ. ಪರನಾಡಿಗೆ ಬಂದ ಕನ್ನಡಿಗನು ಮೊದಲು ಕನ್ನಡಿಗರ ಮನೆಯನ್ನು ಹುಡುಕಿದುದೂ ಇದೇ ಕಾರಣದಿಂದಲ್ಲವೆ? ಒಂದೇ ಸೂರಿನಡಿ ಹನ್ನೆರಡು ವರ್ಷ ಬೆಳೆದವನಿಗೆ ಆ ಸೂರನ್ನು ಬಿಟ್ಟ ದಿನ ತನ್ನನ್ನು ಬಲ್ಲ ಒಂದು ಮನೆಯೂ ಹೊರಗೆ ಇಲ್ಲದಿರಬಹುದು.

ಗಿರಿಜನ ಯುವಕನ ವಿಷಯದಲ್ಲಿ ಬೇರೊಂದು ನಷ್ಟವೂ ಸೇರುತ್ತದೆ. ಆಂಧ್ರಪ್ರದೇಶದಲ್ಲಿ ಜಾತಿ ಪ್ರಮಾಣಪತ್ರವನ್ನು ಕೊಡುವುದು ೧೯೯೩ರ ಹದಿನಾರನೆಯ ಕಾಯಿದೆಯ ಮೇರೆಗೆ. ತಾನು ಇಂಥ ಬುಡಕಟ್ಟಿನವನೆಂದು ರುಜುವಾತುಪಡಿಸುವ ಹೊಣೆಯನ್ನು ಅದು ಕೇಳುವವನ ಮೇಲೆಯೇ ಹೊರಿಸಿದೆ. 'ಗಿರಿಜನರ ಹೆಸರಿನಲ್ಲಿ ಪರರು ಹುದ್ದೆಗಳನ್ನು ಕಬಳಿಸುತ್ತಿದ್ದ' ಕಾಲದಲ್ಲಿ ಅದು ಅಗತ್ಯವಾದ ಎಚ್ಚರಿಕೆ. ಆದರೆ ಚಿಕ್ಕಂದಿನಲ್ಲಿ ತಂದೆತಾಯಿಗಳನ್ನು ಕಳೆದುಕೊಂಡು, ಪಟ್ಟಣದ ಸಂಸ್ಥೆಯಲ್ಲಿ ಬೆಳೆದ ಎರುಕುಲರ ಅಥವಾ ಗದಬರ ಹುಡುಗಿಯು ತಂದೆಯ ಪ್ರಮಾಣಪತ್ರವನ್ನು ಎಲ್ಲಿಂದ ತಂದಾಳು? ಅದಿಲ್ಲದೆ ವಿದ್ಯಾರ್ಥಿವೇತನವಿಲ್ಲ, ಮೀಸಲಾದ ಸೀಟಿಲ್ಲ, ಹುದ್ದೆಯಿಲ್ಲ. ಪೋಷಣೆಗೆ ಒಳಪಟ್ಟ ಮಗುವನ್ನು ಅದರ ಹಿಂದಿನ ಸಾಮಾಜಿಕ, ಸಾಂಸ್ಕೃತಿಕ ಸ್ಥಿತಿಗೇ ಮರಳಿಸಬೇಕೆಂದು ೨೦೧೫ರ ಕಾಯಿದೆಯ ಮೂರನೆಯ ಪ್ರಕರಣವು ಹೇಳುತ್ತದೆ. ಸಂಸ್ಥೆಗೆ ಸೇರಿಸಿಕೊಂಡ ವಾರದಲ್ಲಿಯೇ ಮಗುವಿನ ಊರು, ಬಂಧುಗಳು, ಬುಡಕಟ್ಟು ಇವುಗಳನ್ನು ಸ್ಥಳಕ್ಕೆ ಹೋಗಿ ವಿಚಾರಿಸಿ, ತಹಸೀಲ್ದಾರರಿಂದ ದೃಢಪಡಿಸಿಕೊಂಡು ದಫ್ತರದಲ್ಲಿ ಸೇರಿಸಿದರೆ ಈ ಮಾತು ಅರ್ಥವುಳ್ಳದ್ದಾಗುತ್ತದೆ. ಹದಿನೆಂಟನೆಯ ವರ್ಷದಲ್ಲಿ ಹುಡುಕಲು ಹೊರಟರೆ ಸಾಕ್ಷಿ ಹೇಳಬೇಕಾದ ಅಜ್ಜನು ಉಳಿದಿರುವುದಿಲ್ಲ.

ಮಹಾರಾಷ್ಟ್ರ ಸರ್ಕಾರವು ೨೦೧೮ರಲ್ಲಿ ಅನಾಥರಿಗೆಂದು ಶೇಕಡಾ ಒಂದರ ಮೀಸಲಾತಿಯನ್ನು ತಂದಿತು. ಜಾತಿಯು ಗೊತ್ತಿಲ್ಲದ ಮಗುವಿಗೆ ಅದು ಸಲ್ಲತಕ್ಕ ಪರಿಹಾರ. ಪಾಡೇರಿನ ಬೆಟ್ಟದಿಂದ ಇಳಿದ ಪೊರ್ಜರ ಹುಡುಗನ ಬುಡಕಟ್ಟು ಗೊತ್ತಿಲ್ಲದ್ದೇನೂ ಅಲ್ಲ. ಅವನಿಗೂ ಗೊತ್ತು, ಅವನ ಊರಿನವರಿಗೂ ಗೊತ್ತು. ಅದನ್ನು ಬರೆದ ಕಾಗದವೊಂದು ಮಾತ್ರ ಅವನಲ್ಲಿಲ್ಲ.